ಕೊಂಬೆ ಹವಳದ ಹೆಸರೇನು?



ಹವಳ ಎಂದ ಕೂಡಲೇ ನಮಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ. ಆ ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ನಾನಿಂದು ಹೇಳುವುದು ನಮ್ಮದೇ ಸಮುದ್ರದ ಕೊಂಬೆ ಹವಳದ ವಿಷಯ.

ಕಳೆದ ವರ್ಷ ರಜೆಗೆ ಮಯೂರ್ ವಿಹಾರ್‌ನಿಂದ ಅಂಡಮಾನ್‌ಗೆ ಹೋಗಿದ್ದೆವು. ದಡದಲ್ಲಿ ಮಗಳಿಗೆ ಜಿಂಕೆಯ ಕೊಂಬಿನಂಥ ಬಿಳಿ ತುಂಡೊಂದು ಸಿಕ್ಕಿತು. ಮನೆಗೆ ತರುವ ಆಸೆ ಅವಳಿಗೆ. ದೋಣಿಯವರು ಬೇಡವೆಂದರು. 2001ರಿಂದ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಸತ್ತ ತುಂಡನ್ನೂ ಒಯ್ಯುವಂತಿಲ್ಲ. ಅವಳು ಅಳುತ್ತಲೇ ಕೆಳಗಿಟ್ಟು, “ಅದರ ಹೆಸರಾದ್ರೂ ಹೇಳಮ್ಮ” ಅಂದಳು.

ಫೋನಿನ ಆ್ಯಪ್‌ಗೆ ಮೂರು ಫೋಟೋ ಕೊಟ್ಟೆ. ಒಂದೇ ತುಂಡಿಗೆ ಮೂರು ಹೆಸರು ಬಂತು! ಸಾಫ್ಟ್‌ವೇರ್ ಬರೆದೇ ಅನ್ನ ಉಣ್ಣುವ ನನಗೆ ನಾಚಿಕೆಯಾಯಿತು. ಮನೆಗೆ ಬಂದು ಓದಲು ಕೂತೆ.

ಹವಳವೆಂದರೆ ಸಾವಿರಾರು ಪುಟ್ಟ ಪ್ರಾಣಿಗಳ ವಠಾರ. ಒಂದೊಂದಕ್ಕೂ ಒಂದು ಸುಣ್ಣದ ಬಟ್ಟಲು. ಮೊದಲು ಕೊಂಬೆಯ ತುದಿ ನೋಡಬೇಕು. ಅಲ್ಲಿ ಕೊಳವೆಯಂಥ ಒಂದೇ ದೊಡ್ಡ ಬಟ್ಟಲಿದ್ದರೆ ಅದು ಅಕ್ರೊಪೊರಾ. ಅದಿಲ್ಲದೆ, ಮೈತುಂಬ ನರೂಲಿಯಂಥ ಗುಬುಟುಗಳಿದ್ದರೆ ಪೊಸಿಲ್ಲೊಪೊರಾ. ಇಷ್ಟು ನಾವೂ ಹೇಳಬಹುದು.

ಇದು ಮನೆತನದ ಹೆಸರು ಮಾತ್ರ. ಯಾವ ಪ್ರಭೇದ ಎನ್ನಲು ಪಕ್ಕದ ಬಟ್ಟಲುಗಳ ಆಕಾರ, ಅಳತೆ, ಜೋಡಣೆಯನ್ನು ಭೂತಗನ್ನಡಿಯಲ್ಲಿ ನೋಡಿ, ಸಂಗ್ರಹಾಲಯದ ಮಾದರಿಗಳ ಜೊತೆ ಹೋಲಿಸಬೇಕು. ಏಕೆಂದರೆ ಒಂದೇ ಪ್ರಭೇದ ಅಲೆಯ ಹೊಡೆತದಲ್ಲಿ ಗಿಡ್ಡಗೆ ದಪ್ಪಗೆ, ಶಾಂತ ನೀರಲ್ಲಿ ಉದ್ದಕ್ಕೆ ತೆಳ್ಳಗೆ ಬೆಳೆಯುತ್ತದೆ. ಊರು ಬಿಟ್ಟು ಬಂದ ನಮ್ಮ ಹಾಗೇ! ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿರುವುದನ್ನೂ ಈಚೆಗೆ ಡಿಎನ್‌ಎ ತೋರಿಸುತ್ತಿದೆ.

ಹೆಸರಿನಿಂದ ಏನಾಗಬೇಕು ಅನ್ನಬಹುದು. ನೀರು ಬಿಸಿಯಾದಾಗ ಕೊಂಬೆಯ ಅಕ್ರೊಪೊರಾ ಬೇಗ ಬಿಳಿಚಿಕೊಂಡು ಸಾಯುತ್ತದೆ. ಗುಂಡಗಿನ ಪೊರೈಟಿಸ್ ಹೆಚ್ಚು ತಾಳಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹವಳಗಳು ಬಿಳಿಚಿದವು. ಎಲ್ಲವನ್ನೂ ಬರೀ ‘ಹವಳ’ ಎಂದು ಎಣಿಸಿದರೆ, ಮೀನುಮರಿಗಳಿಗೆ ಆಸರೆಯಾದ ಕೊಂಬೆಗಳು ಹೋದದ್ದೇ ನಮಗೆ ತಿಳಿಯುವುದಿಲ್ಲ.

ಊರಿಗೆ ಹೋದಾಗ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೀವೂ ಹವಳ ನೋಡಬಹುದು. ಮುಟ್ಟಬೇಡಿ, ಮುರಿಯಬೇಡಿ. ಇಡೀ ಹವಳದ್ದೊಂದು, ಕೊಂಬೆಯ ತುದಿಯದೊಂದು, ಪಕ್ಕದ್ದೊಂದು ಫೋಟೋ ತೆಗೆಯಿರಿ, ತಿಳಿದವರಿಗೆ ತೋರಿಸಿ.

ಮಗಳು ಚಿತ್ರ ಬರೆದು, ಕೆಳಗೆ ‘ಅಕ್ರೊಪೊರಾ’ ಎಂದು ಬರೆದು, ಮುಂದೆ ಜಾಗ ಬಿಟ್ಟಿದ್ದಾಳೆ. ಅದನ್ನು ಸುಮ್ಮನೆ ತುಂಬಬಾರದು ಎಂದು ಇಬ್ಬರೂ ಒಪ್ಪಿದ್ದೇವೆ.