ಎರೆನಾಡಿನ ಮನೆಗೊಂದು ಬಾಳಿಕೆಯ ತಂಪುಯಂತ್ರ



ಮನೆಗೆಲ್ಲ ಒಂದೇ ಯಂತ್ರವನ್ನಿರಿಸಿ, ಅಟ್ಟದೊಳಗಿನ ಕೊಳವೆಗಳ ಮೂಲಕ ಕೋಣೆಕೋಣೆಗೂ ತಂಗಾಳಿಯನ್ನು ಹರಿಸುವ ಏರ್ಪಾಡು ಅಮೆರಿಕೆಯಲ್ಲಿ ನೆಲಸಿದ ನಮ್ಮವರ ಮನೆಗಳಲ್ಲಿ ಸಾಮಾನ್ಯವಾದರೂ, ಮಲಪ್ರಭೆಯ ದಂಡೆಯ ಕೊಣ್ಣೂರಿನಂಥ ಊರಿನಲ್ಲಿ ಅದು ಅಪರೂಪವೇ ಸರಿ. ಇಲ್ಲಿ ಕಾಣುವುದು ಉಳ್ಳವರ ಮನೆಯ ಸ್ಪ್ಲಿಟ್ ಎಸಿ, ಮಿಕ್ಕವರ ಮನೆಯ ಕೂಲರ್. ಆದರೆ ಹಳೆಯ ಯಂತ್ರ ಕೆಟ್ಟು ಕುಳಿತಾಗ ಏಳುವ ಪ್ರಶ್ನೆಯು ಎರಡೂ ಕಡೆಗಳಲ್ಲಿ ಒಂದೇ: ಬಹುಕಾಲ ಬಾಳುವಂಥದು ಯಾವುದು? ಅಂಗಡಿಯವರು ಇದಕ್ಕೆ ಉತ್ತರವಾಗಿ ಯಾವುದಾದರೊಂದು ಕಂಪನಿಯ ಹೆಸರನ್ನು ಹೇಳುವುದು ವಾಡಿಕೆ. ನನ್ನ ಮತದಲ್ಲಿ ಹೆಸರಿನ ವಿಚಾರವು ಕೊನೆಗೆ ಬರತಕ್ಕದ್ದು. ಯಂತ್ರದ ಆಯುಷ್ಯವು ಬಹುಮಟ್ಟಿಗೆ ಅದನ್ನು ಕೂರಿಸಿದ ಕೈಯಲ್ಲಿಯೂ ಕೂರಿಸಿದ ಜಾಗದಲ್ಲಿಯೂ ಇದೆ.

ಮೊದಲು ಮನೆಯನ್ನೇ ನೋಡೋಣ. ದಪ್ಪನೆಯ ಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದೆ, ನಡುವೆ ಬೆಳಕಿಂಡಿ, ಇವುಗಳಿಂದ ಕೂಡಿದ ನಮ್ಮ ಹಿರಿಯರ ಮಾಳಿಗೆ ಮನೆಯು ಚೈತ್ರ ವೈಶಾಖಗಳ ಬಿಸಿಲನ್ನು ಹಗಲೆಲ್ಲ ಹೊರಗೇ ತಡೆದು ನಿಲ್ಲಿಸುತ್ತಿದ್ದಿತು. ಅದನ್ನು ಕೆಡವಿ ಕಟ್ಟಿದ ಸಿಮೆಂಟಿನ ಸ್ಲ್ಯಾಬ್ ಮನೆಯಾದರೋ, ಮಧ್ಯಾಹ್ನ ಹೀರಿದ ತಾಪವನ್ನು ಊಟ ಮುಗಿಸಿ ಮಲಗುವ ಹೊತ್ತಿಗೆ ಸರಿಯಾಗಿ ಕೋಣೆಯೊಳಕ್ಕೆ ಇಳಿಬಿಡುತ್ತದೆ. ಆದುದರಿಂದ ಹೊಸ ಯಂತ್ರಕ್ಕೆ ಹಣ ಎಣಿಸುವ ಮೊದಲು ಸ್ಲ್ಯಾಬಿನ ಮೇಲೆ ಬಿಳಿಯ ಸುಣ್ಣವನ್ನೋ ಬಿಸಿಲುನಿರೋಧಕ ಬಣ್ಣವನ್ನೋ ಬಳಿಸುವುದು, ಪಶ್ಚಿಮದ ಕಿಟಕಿಗೆ ನೆರಳು ಮಾಡಿಸುವುದು ಬುದ್ಧಿವಂತಿಕೆ; ಅದರಿಂದ ಯಂತ್ರದ ಅಳತೆಯೇ ಚಿಕ್ಕದಾದೀತು.

ಈ ಅಳತೆಯನ್ನು ಟನ್ ಎಂದು ಕರೆಯುವರಷ್ಟೆ. ಅದು ಯಂತ್ರದ ತೂಕವಲ್ಲ. ಒಂದು ಅಮೆರಿಕನ್ ಟನ್ ಹಿಮಗಡ್ಡೆಯು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗುವಾಗ ಶಾಖವನ್ನು ಹೀರಿಕೊಳ್ಳುವ ದರ, ಎಂದರೆ ಸುಮಾರು 3.5 ಕಿಲೋವ್ಯಾಟ್. 'ಹೇಗೂ ಕೊಳ್ಳುವುದೇ ಆಯಿತು, ದೊಡ್ಡದೇ ಇರಲಿ' ಎಂಬ ಔದಾರ್ಯ ಇಲ್ಲಿ ಸಲ್ಲದು. ಅಗತ್ಯಕ್ಕಿಂತ ದೊಡ್ಡದಾದ ಯಂತ್ರವು ಕೋಣೆಯನ್ನು ಬೇಗನೆ ತಣಿಸಿ ನಿಂತು, ಮತ್ತೆ ಹೊರಟು, ಮತ್ತೆ ನಿಲ್ಲುತ್ತ, ಗಾಳಿಯ ತೇವವನ್ನು ಸರಿಯಾಗಿ ಹಿಂಡದೆ, ತನ್ನ ಕಂಪ್ರೆಸರನ್ನೂ ದಣಿಸುತ್ತದೆ. ವೇಗವನ್ನು ತಾನೇ ತಗ್ಗಿಸಿಕೊಳ್ಳಬಲ್ಲ ಇನ್ವರ್ಟರ್ ಯಂತ್ರದಲ್ಲಿ ಈ ದೋಷ ಕಡಿಮೆ. ಆದರೆ ಅದರ ಹೊರಘಟಕದಲ್ಲಿ ಒಂದು ಎಲೆಕ್ಟ್ರಾನಿಕ್ ಹಲಗೆಯಿರುತ್ತದೆ, ಹಳ್ಳಿಯ ವಿದ್ಯುತ್ತಿನ ಏರಿಳಿತಕ್ಕೆ ಮೊದಲು ಬಲಿಯಾಗುವುದು ಅದೇ. ಆದಕಾರಣ ಮನೆಯ ವೋಲ್ಟೇಜನ್ನು ಸಂಜೆ ಒಮ್ಮೆ, ಪಂಪ್‌ಸೆಟ್ಟುಗಳು ನಡೆಯುವ ಹೊತ್ತಿನಲ್ಲೊಮ್ಮೆ ಅಳೆಯಿಸಿ ನೋಡಿ, ಬೇಕಾದರೆ ಸ್ಟೆಬಿಲೈಜರ್ ಕೂರಿಸಿ, ಭೂಸಂಪರ್ಕದ ತಂತಿಯೂ ಸರಿಯಿರುವಂತೆ ನೋಡಿಕೊಳ್ಳತಕ್ಕದ್ದು.

ಇನ್ನು ಜಾಗದ ಮಾತು. ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಾಯಿಬಿಡುವ ಈ ನೆಲದ ಮೇಲೆ ನಾಲ್ಕು ಇಟ್ಟಿಗೆಯಿಟ್ಟು ಹೊರಘಟಕವನ್ನು ಕೂರಿಸಿದಲ್ಲಿ, ಅದು ಒಂದೆರಡು ಮಳೆಗಾಲಗಳಲ್ಲಿ ವಾಲಿ, ಗೋಡೆಯೊಳಗಿಂದ ಬಂದ ತಾಮ್ರದ ಕೊಳವೆಯನ್ನು ಜಗ್ಗತೊಡಗುವುದು. ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಸಾಕು, ತಂಪು ಮಾಡುವ ಗ್ಯಾಸು ಮೆಲ್ಲಮೆಲ್ಲನೆ ಹೊರಟುಹೋಗುತ್ತದೆ, ಮನೆಯವರು ವರ್ಷವರ್ಷವೂ ಗ್ಯಾಸು ತುಂಬಿಸುತ್ತ ಕಂಪನಿಯನ್ನು ಬಯ್ಯುತ್ತಿರುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆನೀರು ಊರನ್ನು ಹೊಕ್ಕುದನ್ನು ಕೊಣ್ಣೂರಿನವರಿಗೆ ನೆನಪಿಸಬೇಕಾಗಿಲ್ಲ. ಈ ಎರಡು ಕಾರಣಗಳಿಂದಲೂ ಹೊರಘಟಕವು ನೆಲದ ಮೇಲಿರದೆ, ಭದ್ರವಾದ ಗೋಡೆಗೆ ಕಬ್ಬಿಣದ ಬ್ರ್ಯಾಕೆಟ್ ಹೊಡೆದು ಎತ್ತರದಲ್ಲಿರಬೇಕು. ಉತ್ತರದ ನೆರಳಿನ ಗೋಡೆಯಾದರೆ ಇನ್ನೂ ಲೇಸು. ಆದರೆ ಮೆಕ್ಯಾನಿಕನ ಕೈಗೆ ಎಟುಕದಷ್ಟು ಎತ್ತರ ಬೇಡ. ಹೊಲದ ಧೂಳು ಅದರ ರೆಕ್ಕೆಗಳಲ್ಲಿ ತುಂಬಿಕೊಳ್ಳುವುದರಿಂದ ಆಗಾಗ ನೀರು ಬಿಟ್ಟು ತೊಳೆಯುವ ಅನುಕೂಲವಿರಬೇಕಲ್ಲವೆ?

ಎಲ್ಲಕ್ಕಿಂತ ಹೆಚ್ಚಿನದು ಜೋಡಣೆಯ ಆ ಒಂದು ಗಂಟೆ. ಒಳಘಟಕ ಹೊರಘಟಕಗಳನ್ನು ಕೊಳವೆಯಿಂದ ಕೂಡಿಸಿದ ಮೇಲೆ, ಗ್ಯಾಸನ್ನು ಬಿಡುವ ಮೊದಲು, ಕೊಳವೆಯಲ್ಲಿ ಉಳಿದ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಪೂರ್ಣವಾಗಿ ಸೆಳೆದು, ಗೇಜಿನ ಮುಳ್ಳು ಇಳಿದು ನಿಂತ ಮೇಲೆ ಪಂಪನ್ನು ಆರಿಸಿ, ಮುಳ್ಳು ಅಲ್ಲಾಡದೆ ನಿಲ್ಲುವುದೋ ಇಲ್ಲವೋ ಎಂದು ಕೆಲಹೊತ್ತು ಕಾದು ನೋಡಬೇಕು. ಆತುರದ ಕೆಲಸಗಾರನು ಪಂಪನ್ನು ತರುವುದೇ ಇಲ್ಲ. ತುಸು ಗ್ಯಾಸನ್ನು 'ಸುಯ್' ಎಂದು ಬಿಟ್ಟು ಗಾಳಿಯನ್ನು ಹೊರದೂಡಿದೆನೆಂದು ಹೇಳಿ ಕೈತೊಳೆದುಕೊಳ್ಳುತ್ತಾನೆ. ಯಂತ್ರ ಅಂದು ತಣ್ಣಗೆ ಬೀಸುವುದು ನಿಜ. ಆದರೆ ಒಳಗುಳಿದ ತೇವವು ಎಣ್ಣೆಯೊಡನೆ ಸೇರಿ ಆಮ್ಲವಾಗಿ ಪರಿಣಮಿಸಿ, ಕಂಪ್ರೆಸರಿನ ಸುರುಳಿಗಳನ್ನು ಕ್ರಮೇಣ ತಿನ್ನುತ್ತದೆ. 'ಪಂಪು ತರುತ್ತೀಯೇನಪ್ಪಾ?' ಎಂದು ಮುಂಚಿತವಾಗಿಯೇ ಕೇಳಲು ಸಂಕೋಚಪಡಬೇಡಿರಿ.

ಹಳೆಯ ಕೊಳವೆಯನ್ನೇ, ಇಲ್ಲವೆ ಹಳೆಯ ಒಳಘಟಕವನ್ನೇ ಉಳಿಸಿಕೊಂಡು ಹೊರಗಿನದನ್ನಷ್ಟೆ ಬದಲಿಸುವ ಮಿತವ್ಯಯ ಒಳ್ಳೆಯದಲ್ಲ. ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಇದ್ದುದು ಆರ್-22 ಎಂಬ ಗ್ಯಾಸು. ಈಗಿನ ಆರ್-32ರ ಒತ್ತಡವು ಅದಕ್ಕಿಂತ ಬಹಳ ಹೆಚ್ಚು, ಎಣ್ಣೆಯೂ ಬೇರೆ. ಹೊಸದಕ್ಕೆ ಅಲ್ಪಸ್ವಲ್ಪ ಉರಿಯುವ ಗುಣವೂ ಇರುವುದರಿಂದ ಅರೆಬರೆ ತಿಳಿದವನ ಕೈಗೆ ಕೊಡಲಾಗದು. ಕಾಯಿಲ್ ತಾಮ್ರದ್ದಾದರೆ ತೂತು ಬಿದ್ದಾಗ ಬೆಸೆಯಬಲ್ಲವರು ಸುಲಭವಾಗಿ ಸಿಕ್ಕಾರು, ಅಲ್ಯೂಮಿನಿಯಮ್ ಆದರೆ ಕಷ್ಟ. ಬಿಡಿಭಾಗ ಹುಬ್ಬಳ್ಳಿಯಲ್ಲಿ ದೊರೆಯುವುದೋ ಎಂಬುದನ್ನೂ, ವಾರಂಟಿಯ ಕಾಗದದಲ್ಲಿ ಕಂಪ್ರೆಸರಿಗೆ ಬರೆದ ವರ್ಷಗಳು ಆ ಎಲೆಕ್ಟ್ರಾನಿಕ್ ಹಲಗೆಗೂ ಅನ್ವಯಿಸುವುವೋ ಎಂಬುದನ್ನೂ ಕೇಳಿ ತಿಳಿಯಿರಿ. ವಿದ್ಯುತ್ತಿನ ಮಿತವ್ಯಯವನ್ನು ಸೂಚಿಸುವ ನಕ್ಷತ್ರದ ಚೀಟಿಯಲ್ಲಿ ನಕ್ಷತ್ರಗಳನ್ನಷ್ಟೆ ಎಣಿಸದೆ ವರ್ಷವನ್ನೂ ಓದಬೇಕು. ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದಲ್ಲ.

ಇಷ್ಟೆಲ್ಲ ಎಸಿಯ ಮಾತಾಯಿತೆಂದು ಕೂಲರನ್ನು ನಾನು ಹೀಗಳೆಯಲಾರೆ. ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಅದು ಅತ್ಯಲ್ಪ ವಿದ್ಯುತ್ತಿನಿಂದ ಮಾಡುವ ಉಪಕಾರ ದೊಡ್ಡದು. ಮಳೆಗಾಲದ ತೇವದಲ್ಲಿ ಮಾತ್ರ ನಿಷ್ಪ್ರಯೋಜಕ, ಸವಳು ನೀರು ಹಾಕಿದರೆ ಅದರ ಪ್ಯಾಡು ಕಲ್ಲಾಗುತ್ತದೆ. ಎಸಿ ಬಂದಿತೆಂದು ಅದನ್ನು ಮಾರದೆ ಪಡಸಾಲೆಗೆ ಇಟ್ಟುಕೊಳ್ಳಬಹುದು.

ಕಳಚಿದ ಹಳೆಯ ಎಸಿಯನ್ನಾದರೂ ಹಾಗೆಯೇ ಗುಜರಿಯವನಿಗೆ ಕೊಡಬಾರದು. ಅವನು ಮೊದಲು ಮಾಡುವುದು ಕೊಳವೆಯನ್ನು ಕತ್ತರಿಸುವ ಕೆಲಸ. 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಲೋಕವೆಲ್ಲ ಕೈಬಿಡುತ್ತಿರುವ ಆರ್-22 ಆ ಕ್ಷಣವೇ ಗಾಳಿಗೆ ಸೇರಿ, ಮೇಲಿನ ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ. ಹೊಸದನ್ನು ಕೂರಿಸಲು ಬಂದ ಮೆಕ್ಯಾನಿಕನಿಗೇ ಹೇಳಿ, ಹಳೆಯದರ ಗ್ಯಾಸನ್ನು ಸಿಲಿಂಡರಿಗೆ ತುಂಬಿಸಿಕೊಂಡ ಮೇಲೆ ಅದನ್ನು ಮನೆಯಿಂದ ಕಳುಹಿಸಿರಿ. ಅದಕ್ಕಾಗಿ ಅವನು ಕೇಳುವ ಕೂಲಿಯನ್ನು ಖರೀದಿಯ ಮಾತಿನಲ್ಲಿಯೇ ಸೇರಿಸಿಕೊಳ್ಳುವುದು ಮೇಲು.