ಒಂದೇ ಹೆಸರಿನ ಎರಡು ಡಬ್ಬಿ
(ಸಂಘದ ರಾತ್ರಿ ತರಗತಿಯಲ್ಲಿ ಮಾಡಿದ ಭಾಷಣ)



ತಟ್ಟೆ ತೊಳೆದ ಕೈಗಳಿಗೂ ಕಂಪ್ಯೂಟರಿಗೂ ಏನು ನಂಟೆಂದು ಕೆಲವು ಹಿರಿಯರು ನಮ್ಮನ್ನು ಕೇಳಿದ್ದುಂಟು. ನಂಟು ನಮ್ಮ ಪಗಾರದ ಚೀಟಿಯಲ್ಲಿದೆ.

ಮುಂಬಯಿಯ ಒಂದು ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ಮೂರು ತಿಂಗಳು ಓವರ್‌ಟೈಮಿಗೂ ಮಾಮೂಲು ದರವೇ ಬಂತು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಂತೆ ಬರಬೇಕಾದುದು ಇಮ್ಮಡಿ. ಕೇಳಹೋದರೆ ಮ್ಯಾನೇಜರರು, "ಫೈಲಿನಲ್ಲಿ ಎರಡು ಎಂದೇ ಬರೆದಿದೆ, ಬೇಕಾದರೆ ನೋಡಿ" ಎಂದರು. ನೋಡಿದೆವು. ಸುಳ್ಳಲ್ಲ, ಎರಡೆಂದೇ ಇತ್ತು! ಕೊನೆಗೆ ಅಲ್ಲಿಯ ಲೆಕ್ಕದ ಗುಮಾಸ್ತರ ಜೊತೆ ನಮ್ಮ ತರಗತಿಯಲ್ಲಿ ಜಾವಾ ಕಲಿತ ಹುಡುಗರು ಕೂತು ಹುಡುಕಿದ ಮೇಲೆ ಗುಟ್ಟು ಹೊರಬಿತ್ತು.

ಜಾವಾದಲ್ಲಿ ದರ, ವಿಳಾಸ ಮೊದಲಾದುವನ್ನು ಪ್ರೋಗ್ರಾಮಿನೊಳಗೆ ಬರೆಯದೆ 'ಪ್ರಾಪರ್ಟೀಸ್' ಎಂಬ ಬೇರೆ ಫೈಲಿನಲ್ಲಿಡುವುದು ವಾಡಿಕೆ. ಹಾಜರಿ, ಪಗಾರ, ದಾಸ್ತಾನು ಮುಂತಾದ ಹಲವು ಪ್ರೋಗ್ರಾಮುಗಳಿಗೆ ಸಮಾನವಾದ ಕೆಲಸವನ್ನು ಒಂದು ಲೈಬ್ರರಿಯಾಗಿ ಮಾಡಿ, 'ಜಾರ್' ಎಂಬ ಗಂಟಿನಲ್ಲಿ ಕಟ್ಟಿ ಎಲ್ಲಕ್ಕೂ ಕೊಡುತ್ತಾರೆ. ಆ ಗಂಟಿನೊಳಗೂ ಒಂದು ಫೈಲಿತ್ತು. ಹೆಸರು ಅದೇ, ದರ ಮಾತ್ರ ಒಂದು. ಗಂಟಿನೊಳಗಿನದನ್ನು ಸಾಧಾರಣ ಫೈಲಿನಂತೆ ತೆರೆಯಲಾಗದು. 'ಕ್ಲಾಸ್‌ಲೋಡರ್' ಎಂಬ ಉಗ್ರಾಣಿಯನ್ನು ಕೇಳಬೇಕು. ಅವನು 'ಕ್ಲಾಸ್‌ಪಾತ್' ಎಂಬ ಸಾಲನ್ನು ನೋಡುತ್ತ ಹೋಗಿ, ಆ ಹೆಸರಿನದು ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ಕೈಗಿತ್ತು ಸುಮ್ಮನಾಗುತ್ತಾನೆ. ಇನ್ನೊಂದಿದೆ ಎಂದು ಹೇಳುವುದಿಲ್ಲ. ಆ ಸಾಲಿನಲ್ಲಿ ಲೈಬ್ರರಿ ಮುಂದಿತ್ತು.

ಅಡಿಗೆಮನೆಯಲ್ಲಿ ಒಂದೇ ಹೆಸರು ಬರೆದ ಎರಡು ಡಬ್ಬಿ ಇಟ್ಟರೆ ಭಟ್ಟರ ಕೈ ಹತ್ತಿರದ್ದಕ್ಕೇ ಹೋಗುತ್ತದೆ. ಸಾರು ಕೆಟ್ಟರೆ ಬೈಗುಳ ಮಾಣಿಗೆ. ಇದು ನಾವು ಪುಸ್ತಕ ಓದಿ ತಿಳಿದದ್ದಲ್ಲ.

ಲೈಬ್ರರಿಯ ಫೈಲಿಗೆ ಅದರದೇ ಹೆಸರಿಟ್ಟು, ಅದರದೇ ಪ್ಯಾಕೇಜಿನೊಳಗೆ ಇಡಬೇಕಿತ್ತು. ಜಾವಾದಲ್ಲಿ ಒಂದು ಪ್ರಾಪರ್ಟೀಸಿಗೆ ಇನ್ನೊಂದನ್ನು ಆಧಾರವಾಗಿ ಕೊಡುವ ಅನುಕೂಲವೂ ಇದೆ. ಮೇಲಿನದರಲ್ಲಿ ಇಲ್ಲದ್ದನ್ನು ಮಾತ್ರ ಕೆಳಗಿನದರಲ್ಲಿ ಹುಡುಕುತ್ತದೆ. ಲೈಬ್ರರಿಯದು ಕೆಳಗೆ, ಪಗಾರದ್ದು ಮೇಲೆ. ಆದರೆ ಕಾನೂನು ಗೊತ್ತುಮಾಡಿದ ದರಕ್ಕೆ ಅಂಥ ಆಧಾರವೇ ಬೇಡವೆಂಬುದು ನಮ್ಮ ಅಭಿಪ್ರಾಯ. ದರ ಸಿಗದಿದ್ದರೆ ಪ್ರೋಗ್ರಾಮು ಅಲ್ಲಿಯೇ ನಿಲ್ಲಲಿ. ನಿಂತದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ತಪ್ಪಾಗಿ ಓಡಿದ್ದು ಬೀಳುವುದಿಲ್ಲ. ಯಾವ ಫೈಲನ್ನು ಎಲ್ಲಿಂದ ಓದಿತೆಂದು ಶುರುವಿನಲ್ಲೇ ಒಂದು ಸಾಲು ಬರೆಯಿಸುವುದೂ ಕಷ್ಟವಲ್ಲ. ಹುಡುಗರೇ, ನಾಳೆ ನೀವು ನೌಕರಿಗೆ ಹೋದಾಗ ಇದನ್ನು ಮರೆಯಬೇಡಿ.

ಈ ತಿಂಗಳಿಂದ ದರ ಸರಿಯಾಗಿದೆ. ಹಿಂದಿನ ಬಾಕಿ ಇನ್ನೂ ಬಂದಿಲ್ಲ. ಆ ಮೂರು ತಿಂಗಳ ಚೀಟಿ ಇಟ್ಟುಕೊಂಡವರು ಭಾನುವಾರ ಸಂಘದ ಕಚೇರಿಗೆ ತನ್ನಿ.