ಧೂಮಪಾನದ ಮರಣಗಳು: ಪ್ರದೇಶದಿಂದ ಪ್ರದೇಶಕ್ಕೆ ಅಂತರ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ಗ್ರಾಮದಲ್ಲಿ ಒಬ್ಬರು ಮರಣ ಹೊಂದಿದಾಗ ಭರ್ತಿ ಮಾಡುವ ಮರಣ ವರದಿಯ ನಮೂನೆಯಲ್ಲಿ ಹೆಸರು, ವಯಸ್ಸು, ವಿಳಾಸಗಳಲ್ಲದೆ ಇನ್ನೊಂದು ಕಾಲಂ ಇದೆ. ಮೃತರಿಗೆ ಧೂಮಪಾನದ ಅಭ್ಯಾಸವಿದ್ದಲ್ಲಿ ಎಷ್ಟು ವರ್ಷಗಳಿಂದ ಇತ್ತು ಎಂಬುದನ್ನು ಅದು ಕೇಳುತ್ತದೆ. ದುಃಖದ ಮನೆಯಲ್ಲಿ ಈ ಪ್ರಶ್ನೆಯನ್ನು ಕೇಳಲು ಸಂಕೋಚವಾಗುವುದು ಸಹಜ. ಆ ಕಾಲಂ ಖಾಲಿ ಉಳಿಯುವುದೂ ಸುಲಭ. ಆದರೆ ದೇಶದಲ್ಲಿ ಧೂಮಪಾನವು ಎಷ್ಟು ಜನರ ಪ್ರಾಣ ತೆಗೆಯುತ್ತಿದೆ ಎಂಬ ಅರಿವು ಮೂಡಿದ್ದೇ ಮೃತರ ಮನೆಬಾಗಿಲಿನಲ್ಲಿ ಕೇಳಿದ ಇಂತಹ ಪ್ರಶ್ನೆಗಳಿಂದ.

2008ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರಲ್ಲಿ, ಡಾ. ಪ್ರಭಾತ್ ಝಾ ಮತ್ತು ಸಹೋದ್ಯೋಗಿಗಳು ಸುಮಾರು 74 ಸಾವಿರ ಮೃತರ ಧೂಮಪಾನದ ಅಭ್ಯಾಸವನ್ನು ಬದುಕಿರುವವರ ಅಭ್ಯಾಸದೊಂದಿಗೆ ಹೋಲಿಸಿದರು. 30ರಿಂದ 69 ವರ್ಷದೊಳಗೆ ಸಾಯುವ ಪುರುಷರಲ್ಲಿ ಐವರಿಗೆ ಒಬ್ಬರ, ಮಹಿಳೆಯರಲ್ಲಿ ಇಪ್ಪತ್ತು ಮಂದಿಗೆ ಒಬ್ಬರ ಸಾವಿಗೆ ಧೂಮಪಾನ ಕಾರಣವಾಗಲಿದೆ ಎಂದು ಅಂದಾಜಿಸಲಾಯಿತು. 2010ರ ವೇಳೆಗೆ ಒಟ್ಟು ಸಂಖ್ಯೆ ವರ್ಷಕ್ಕೆ ಸುಮಾರು 10 ಲಕ್ಷ ಮುಟ್ಟುವುದೆಂಬ ಎಚ್ಚರಿಕೆಯೂ ಹೊರಬಿತ್ತು. ಬೀಡಿ ಸೇದುವ ಪುರುಷರು ಸರಾಸರಿ 6 ವರ್ಷ, ಬೀಡಿ ಸೇದುವ ಮಹಿಳೆಯರು 8 ವರ್ಷ, ಸಿಗರೇಟು ಸೇದುವ ಪುರುಷರು 10 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ. ಬೀಡಿಯಿಂದ ಅಷ್ಟೇನೂ ಹಾನಿಯಿಲ್ಲ ಎಂಬ ನಂಬಿಕೆಗೆ ಇದರಿಂದ ಆಧಾರ ಉಳಿಯಲಿಲ್ಲ.

ಈ ಹೊರೆಯು ದೇಶದ ಎಲ್ಲೆಡೆ ಸಮನಾಗಿ ಹಂಚಿಹೋಗಿಲ್ಲ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಧೂಮಪಾನಿಗಳು ಶೇ. 10.7. ಮಿಜೋರಾಂನಲ್ಲಿ ಈ ಪ್ರಮಾಣ ಶೇ. 34.4, ಮಹಾರಾಷ್ಟ್ರದಲ್ಲಿ ಶೇ. 3.8 ಮಾತ್ರ. ಆದರೆ ಅದೇ ಮಹಾರಾಷ್ಟ್ರದಲ್ಲಿ ಶೇ. 24.4ರಷ್ಟು ವಯಸ್ಕರು ಹೊಗೆರಹಿತ ತಂಬಾಕು ಬಳಸುತ್ತಾರೆ. ಹೊಗೆ ಕಡಿಮೆಯಾದ ಮಾತ್ರಕ್ಕೆ ತಂಬಾಕು ಕಡಿಮೆಯಾಯಿತೆಂದು ತಿಳಿಯುವಂತಿಲ್ಲ. ರೋಗವು ಶ್ವಾಸಕೋಶದ ಬದಲು ಬಾಯಿಯಲ್ಲಿ ಕಾಣಿಸಿಕೊಳ್ಳಬಹುದು.

ಅಂತರವು ಸಂಖ್ಯೆಯಲ್ಲಷ್ಟೇ ಇಲ್ಲ, ಸಾವಿನ ಬಗೆಯಲ್ಲಿಯೂ ಇದೆ. ಮಿಜೋರಾಂನ ಐಜ್ವಾಲ್ ಜಿಲ್ಲೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪ್ರಮಾಣವು ದೇಶದಲ್ಲಿಯೇ ಅತಿ ಹೆಚ್ಚಿನ ಸಾಲಿನಲ್ಲಿದೆ. ಬೇರೆಡೆ ಪುರುಷರಿಗಿಂತ ಬಹಳ ಕಡಿಮೆ ಇರುವ ಮಹಿಳೆಯರ ಪ್ರಮಾಣವು ಅಲ್ಲಿ ಪುರುಷರದಕ್ಕೆ ಬಹುತೇಕ ಸಮನಾಗಿದೆ. ತಮಿಳುನಾಡಿನ ಚಿತ್ರ ಬೇರೆ. ಚೆನ್ನೈ ನಗರ ಮತ್ತು ವಿಳುಪ್ಪುರಂ ಗ್ರಾಮಾಂತರದ ಸುಮಾರು 43 ಸಾವಿರ ಪುರುಷರ ಮರಣಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನಿಗಳು ಕ್ಷಯರೋಗದಿಂದ ಸಾಯುವ ಸಂಭವವು ಇತರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಕ್ಷಯ ಹರಡಿರುವ ಊರಿನಲ್ಲಿ ಹೊಗೆಯು ಕ್ಷಯಕ್ಕೆ ಬಲ ಕೊಡುತ್ತದೆ. ಹೃದ್ರೋಗ ಹೆಚ್ಚಿರುವಲ್ಲಿ ಹೃದಯಾಘಾತಕ್ಕೆ ದಾರಿ ಮಾಡುತ್ತದೆ. ಅಂತಹ ಸಾವಿಗೆ ಊರಿನವರು ಕ್ಷಯ, ದಮ್ಮು, ಎದೆನೋವು ಎಂದು ಹೆಸರಿಡುತ್ತಾರೆ. ಬೀಡಿಯ ಹೆಸರು ಎಲ್ಲಿಯೂ ಬರುವುದಿಲ್ಲ.

ಪ್ರದೇಶಗಳ ನಡುವಿನ ಈ ಅಂತರಕ್ಕೆ ಕಾರಣಗಳು ಹಲವು. ಜನರು ಏನನ್ನು ಸೇದುತ್ತಾರೆ, ಯಾವ ವಯಸ್ಸಿನಲ್ಲಿ ಆರಂಭಿಸುತ್ತಾರೆ, ಮಹಿಳೆಯರೂ ಸೇದುತ್ತಾರೆಯೇ, ಎಷ್ಟು ಮಂದಿ ಬಿಡುತ್ತಾರೆ, ಆ ಭಾಗದಲ್ಲಿ ಮೊದಲೇ ಯಾವ ರೋಗ ಬೇರೂರಿದೆ ಎಂಬಿವೆಲ್ಲ ಸೇರಿ ಸಾವಿನ ಲೆಕ್ಕವನ್ನು ನಿರ್ಧರಿಸುತ್ತವೆ. ಹೊಗೆಯ ಪರಿಣಾಮ ಪೂರ್ಣವಾಗಿ ಕಾಣಿಸಲು ಎರಡು ಮೂರು ದಶಕಗಳು ಬೇಕು. ಆದ್ದರಿಂದ ಇಂದಿನ ಮರಣಗಳು ಹಿಂದಿನ ತಲೆಮಾರಿನ ಅಭ್ಯಾಸದ ಫಲ. ಇಂದು ಶಾಲೆಯ ಪಕ್ಕದ ಅಂಗಡಿಯಲ್ಲಿ ಹುಡುಗನ ಕೈಗೆ ಸಿಗುವ ಬೀಡಿಯ ಲೆಕ್ಕ 2050ರ ಸುಮಾರಿಗೆ ಮರಣ ನೋಂದಣಿ ಪುಸ್ತಕದಲ್ಲಿ ಕಾಣಿಸುತ್ತದೆ.

ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಧೂಮಪಾನಿಗಳು ಶೇ. 8.8. ರಾಷ್ಟ್ರದ ಸರಾಸರಿಗಿಂತ ಇದು ಕಡಿಮೆ. ಆದರೆ ರಾಜ್ಯದ ಸರಾಸರಿಯು ಯಾವ ಒಂದು ಗ್ರಾಮದ ಸ್ಥಿತಿಯನ್ನೂ ಹೇಳುವುದಿಲ್ಲ. ಒಂದೇ ಪಂಚಾಯಿತಿಯ ವ್ಯಾಪ್ತಿಯಲ್ಲಿ ಒಂದು ಊರು ಬಹುತೇಕ ಹೊಗೆಮುಕ್ತವಾಗಿರಬಹುದು, ಪಕ್ಕದ ಕಾಲೊನಿಯಲ್ಲಿ ಮನೆಗೊಬ್ಬರು ಸೇದುತ್ತಿರಬಹುದು. ಆ ವ್ಯತ್ಯಾಸವನ್ನು ರಾಜಧಾನಿಯಲ್ಲಿ ಕುಳಿತು ಕಾಣಲಾಗದು. ವಾರ್ಡಿನ ಸದಸ್ಯರು ಮಾತ್ರ ಕಾಣಬಲ್ಲರು.

ಈ ಹಿನ್ನೆಲೆಯಲ್ಲಿ ಗ್ರಾಮ ಪಂಚಾಯಿತಿಗಳ ಗಮನಕ್ಕೆ ನಾಲ್ಕು ವಿಷಯಗಳಿವೆ.

ಒಂದನೆಯದಾಗಿ, ಮರಣ ವರದಿಯಲ್ಲಿ ಧೂಮಪಾನ ಹಾಗೂ ತಂಬಾಕು ಜಗಿಯುವ ಅಭ್ಯಾಸದ ಕಾಲಂಗಳು ಖಾಲಿ ಉಳಿಯದಂತೆ ನೋಡಿಕೊಳ್ಳುವುದು. ಇದು ಮೃತರ ಮೇಲೆ ದೋಷ ಹೊರಿಸುವ ಪ್ರಶ್ನೆಯಲ್ಲ, ಬದುಕಿರುವವರನ್ನು ಉಳಿಸುವ ಮಾಹಿತಿ ಎಂಬುದನ್ನು ಕುಟುಂಬದವರಿಗೆ ಸೌಮ್ಯವಾಗಿ ತಿಳಿಸುವುದು.

ಎರಡನೆಯದಾಗಿ, ಕ್ಷಯಮುಕ್ತ ಪಂಚಾಯಿತಿ ಅಭಿಯಾನದೊಂದಿಗೆ ಧೂಮಪಾನ ತ್ಯಾಗವನ್ನು ಜೋಡಿಸುವುದು. ಔಷಧ ಸೇವಿಸುತ್ತಲೇ ಬೀಡಿ ಸೇದುವ ರೋಗಿಯ ಚಿಕಿತ್ಸೆಗೆ ಪೂರ್ಣ ಫಲ ದೊರೆಯುವುದು ಕಷ್ಟ. ಆಶಾ ಕಾರ್ಯಕರ್ತೆಯರ ಮನೆಭೇಟಿಯಲ್ಲಿ ಈ ಮಾತೂ ಸೇರಬೇಕು.

ಮೂರನೆಯದಾಗಿ, ಕಾನೂನಿನ ಪಾಲನೆ. 2003ರ ಕೇಂದ್ರ ಕಾಯ್ದೆಯು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನೂ ಶಾಲೆಗಳ ಸಮೀಪ ತಂಬಾಕು ಮಾರಾಟವನ್ನೂ ನಿಷೇಧಿಸಿದೆ. ರಾಜ್ಯದ ತಿದ್ದುಪಡಿಯು 21 ವರ್ಷದೊಳಗಿನವರಿಗೆ ಮಾರಾಟವನ್ನು ನಿಷೇಧಿಸಿ, ದಂಡವನ್ನು 1,000 ರೂಪಾಯಿಗಳವರೆಗೆ ಹೆಚ್ಚಿಸಿದೆ. ಪಂಚಾಯಿತಿ ಕಚೇರಿಯ ಜಗುಲಿಯಲ್ಲಿಯೇ ಬೀಡಿ ಹೊತ್ತಿದರೆ ಈ ಕಾನೂನನ್ನು ಊರಿನಲ್ಲಿ ಯಾರೂ ಗೌರವಿಸಲಾರರು.

ನಾಲ್ಕನೆಯದಾಗಿ, ಬಿಡಲು ಬಯಸುವವರಿಗೆ ನೆರವು. ಸರ್ಕಾರದ ಉಚಿತ ಸಹಾಯವಾಣಿ 1800-11-2356 ಅನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬ್ರಿಟನ್ನಿನ ವೈದ್ಯರನ್ನು 50 ವರ್ಷಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ, ಸಿಗರೇಟನ್ನು 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6 ವರ್ಷ, 40ರಲ್ಲಿ ಬಿಟ್ಟವರಿಗೆ 9 ವರ್ಷ ಆಯುಷ್ಯ ಉಳಿದುದು ಕಂಡುಬಂದಿದೆ. ತಡವಾಯಿತೆಂದು ಕೈಚೆಲ್ಲುವ ಅಗತ್ಯ ಯಾರಿಗೂ ಇಲ್ಲ.

ಮಿಜೋರಾಂ, ತಮಿಳುನಾಡು, ಕರ್ನಾಟಕಗಳ ನಡುವಿನ ಅಂತರವು ಹಣೆಬರಹವಲ್ಲ; ಸಾವಿರಾರು ಊರುಗಳ ಅಭ್ಯಾಸಗಳು ಕೂಡಿ ಆದ ಮೊತ್ತ. ಅಭ್ಯಾಸ ಬದಲಾದರೆ ಮೊತ್ತವೂ ಬದಲಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಕಳೆದ ಒಂದು ವರ್ಷದ ಮರಣ ವರದಿಗಳನ್ನು, ಯಾರ ಹೆಸರನ್ನೂ ಹೇಳದೆ, ಒಮ್ಮೆ ಪರಿಶೀಲಿಸುವುದು ಸೂಕ್ತ. ಎಷ್ಟು ವರದಿಗಳಲ್ಲಿ ಆ ಕಾಲಂ ತುಂಬಿದೆ ಎಂಬ ಎಣಿಕೆಯಿಂದಲೇ ಕೆಲಸ ಆರಂಭವಾಗಲಿ.